ಸುಣ್ಣದವನು ಕೊಂದ ಜೇಡ

“ಗುರುಗಳೇ, ಕೋಪವನ್ನು ಪೂರ್ತಿಯಾಗಿ ಗೆದ್ದವನನ್ನು ನೀವು ಕಂಡಿದ್ದೀರಾ?” ಎಂದು ಶಿಷ್ಯ ಕೇಳಿದ. ಕೇಳುವಾಗ ಅವನ ಮುಖದಲ್ಲಿ ಸಣ್ಣದೊಂದು ಬಿಗುಮಾನವಿತ್ತು. ಒಂದು ವರ್ಷದಿಂದ ತಾನು ಯಾರ ಮೇಲೂ ಸಿಟ್ಟಾಗಿಲ್ಲ ಎಂದು ಅವನು ಆಗಲೇ ಇಬ್ಬರ ಮುಂದೆ ಹೇಳಿಕೊಂಡಾಗಿತ್ತು.

“ಕಂಡಿಲ್ಲ” ಎಂದರು ಗುರುಗಳು. “ಗೆದ್ದೆ ಅಂದುಕೊಂಡ ಒಬ್ಬನ ಕತೆ ಗೊತ್ತು. ಕೂತುಕೋ.” ಶಿಷ್ಯ ಕೂತ ಮೇಲೆ ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಸುಣ್ಣದವನಿದ್ದ. ಸುಣ್ಣದ ಕಲ್ಲು ಸುಡುವುದು, ನೀರು ಹೊಯ್ದು ಅರಳಿಸುವುದು, ಕರೆದವರ ಮನೆಗೆ ಹೋಗಿ ಗೋಡೆಗೆ ಬಳಿಯುವುದು ಅವನ ಕಸುಬು. ಬಳಿಯುವ ಮೊದಲು ಉದ್ದನೆಯ ಬಿದಿರಿನ ಗಳುವಿಗೆ ಪೊರಕೆ ಕಟ್ಟಿ ಮೂಲೆ ಮೂಲೆಯ ಜೇಡರ ಬಲೆ ತೆಗೆಯುತ್ತಿದ್ದ. “ನಾನು ಬಳಿದ ಗೋಡೆಗೆ ಮೂರು ತಿಂಗಳೊಳಗೆ ಜೇಡ ಹತ್ತಿದರೆ ನನ್ನನ್ನು ಕೇಳಿ” ಎಂದು ಎದೆ ತಟ್ಟಿ ಹೇಳುತ್ತಿದ್ದ. ಯಾರೂ ಬಂದು ಕೇಳುವ ಪ್ರಸಂಗ ಬಂದಿರಲಿಲ್ಲ.

ಕಸುಬಿಗಿಂತ ಹೆಚ್ಚಾಗಿ ಅವನು ತಾಳ್ಮೆಗೆ ಹೆಸರಾಗಿದ್ದ. ಒಮ್ಮೆ ಒಬ್ಬ ಕುಡುಕ ಬೀದಿಯಲ್ಲಿ ಅವನ ಸುಣ್ಣದ ಮಡಕೆಯನ್ನು ಒದ್ದು ಉರುಳಿಸಿದ. ಸುಣ್ಣದವನು ನಕ್ಕು, “ಹೋಗಲಿ ಬಿಡಪ್ಪ” ಎಂದ. ನೋಡಿದವರು ಹೊಗಳಿದರು. ಆ ಹೊಗಳಿಕೆಯ ರುಚಿ ಅವನಿಗೆ ಹತ್ತಿತು. ಅಲ್ಲಿಂದಾಚೆಗೆ ಯಾರಾದರೂ ಬೈದರೆ, ಸುತ್ತ ಎಷ್ಟು ಜನ ನಿಂತಿದ್ದಾರೆ ಎಂದು ಅವನು ಮೊದಲು ನೋಡುತ್ತಿದ್ದ. ಆಮೇಲೆ ನಗುತ್ತಿದ್ದ. ಊರಿನ ತಾಯಂದಿರು ರಚ್ಚೆ ಹಿಡಿದ ಮಕ್ಕಳಿಗೆ ಅವನನ್ನು ತೋರಿಸಿ ಬುದ್ಧಿ ಹೇಳುವಷ್ಟು ಅವನ ಹೆಸರು ಬೆಳೆಯಿತು, ಪಕ್ಕದೂರಿಗೂ ಹಬ್ಬಿತು.

ಅವನಿಗೆ ಒಬ್ಬಳೇ ಮಗಳು. ತಾಯಿ ಇಲ್ಲದ ಹುಡುಗಿ, ಅವನೇ ಸಾಕಿದವಳು. ಪಕ್ಕದೂರಿನ ಒಬ್ಬ ಬಟ್ಟೆ ವ್ಯಾಪಾರಿಗೆ ಕೊಟ್ಟು ಮದುವೆ ಮಾಡಿದ್ದ.

ಮಳೆಗಾಲದ ಮೊದಲ ಗುಡುಗಿಗೆ ಸುಣ್ಣದವನ ಹಿತ್ತಲ ಹುತ್ತದ ಮೇಲೆ ಅಣಬೆ ಎದ್ದವು. ಮಗಳಿಗೆ ಅಣಬೆ ಸಾರು ಎಂದರೆ ಪ್ರಾಣ. ಅವನು ಒಂದೊಂದನ್ನೇ ಬುಡ ಮುರಿಯದಂತೆ ಬಿಡಿಸಿ, ಎಲೆಯಲ್ಲಿ ಸುತ್ತಿಕೊಂಡು ಪಕ್ಕದೂರಿಗೆ ನಡೆದ. ಬಾಗಿಲು ತೆರೆದ ಮಗಳು ಸೆರಗನ್ನು ಕೆನ್ನೆಗೆ ಒತ್ತಿ ಹಿಡಿದಿದ್ದಳು. ಸೆರಗು ಸರಿದಾಗ ಕೆನ್ನೆ ಊದಿ ಕೆಂಪಾಗಿದ್ದುದು ಕಂಡಿತು.

“ಏನಮ್ಮ ಇದು?” ಎಂದ.

ಮಗಳ ಹಿಂದೆ ಅತ್ತೆ ನಿಂತಿದ್ದಳು, ಅತ್ತೆಯ ಹಿಂದೆ ಗಂಡ. ಮಗಳು ನೆಲ ನೋಡುತ್ತ, “ಮಲಗಿದ್ದಾಗ ಜೇಡ ಹರೀತಪ್ಪ” ಎಂದಳು.

ಜೇಡ ಹರಿದರೆ ಮೈ ಕೆಂಪಾಗುತ್ತದೆ, ಬೊಬ್ಬೆ ಏಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅವನೂ ಕೇಳಿದ್ದ. ಆದರೆ ಆ ಕೆನ್ನೆಯ ಮೇಲಿದ್ದುದು ನಾಲ್ಕು ಗೆರೆ, ಒಂದರ ಪಕ್ಕ ಒಂದು. ಎಂಟು ಕಾಲಿನ ಹುಳ ನಾಲ್ಕು ಬೆರಳಿನ ಗುರುತು ಬಿಟ್ಟು ಹೋಗುತ್ತದೆಯೇ? ಸುಣ್ಣದವನು ಅದನ್ನು ಯೋಚಿಸಲು ಹೋಗಲಿಲ್ಲ. ಅಳಿಯನೇ ಮುಂದೆ ಬಂದು, “ಹಳೇ ಮನೆ ನೋಡಿ ಮಾವ, ಮೂಲೇಲೆಲ್ಲ ಜೇಡ. ನಿಮ್ಮ ಕೈಯಲ್ಲೇ ಒಂದು ಸಲ ಸುಣ್ಣ ಬಳಿದುಕೊಡಿ” ಎಂದ. ಹೊಡೆದ ಕೈಯನ್ನೇ ಜೋಡಿಸಿ, ನಾಚಿಕೆಗೆಟ್ಟವನು, ಬಹಳ ವಿನಯದಿಂದ ಕೇಳಿದ.

ಸುಣ್ಣದವನು ಮಾರನೆಯ ದಿನವೇ ಗಳು, ಮಡಕೆ ಹೊತ್ತು ಬಂದ. ಎರಡು ದಿನ ದುಡಿದ. ಅಡುಗೆ ಮನೆಯ ಮಸಿ ಹಿಡಿದ ಬಲೆ, ದನದ ಕೊಟ್ಟಿಗೆಯ ಬಲೆ, ಬಚ್ಚಲಿನ ಕಿಂಡಿಯ ಬಲೆ, ಯಾವುದನ್ನೂ ಬಿಡಲಿಲ್ಲ. ಬಲೆಗೆ ಅಂಟಿದ್ದ ಮೊಟ್ಟೆಯ ಗೂಡುಗಳನ್ನೂ ಕೆರೆದು ಒಲೆಗೆ ಹಾಕಿದ. ಗೋಡೆಗಳಿಗೆ ಎರಡೆರಡು ಕೈ ಸುಣ್ಣ ಬಳಿದ. ಮನೆ ಬೆಳ್ಳಗಾಯಿತು. “ಇನ್ನು ಹೆದರಬೇಡ ಮಗಳೇ” ಎಂದು ಹೇಳಿ ಊರಿಗೆ ಹೋದ.

ಹನ್ನೆರಡು ದಿನ ಕಳೆಯಿತು. ಹುತ್ತದ ಮೇಲೆ ಮತ್ತೆ ಅಣಬೆ ಎದ್ದವು. ಅವನು ಮತ್ತೆ ಎಲೆಯ ಪೊಟ್ಟಣ ಹಿಡಿದು ಹೊರಟ. ಈ ಸಲ ಮಗಳ ತುಟಿ ಒಡೆದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಅವನು ಬಾಯಿ ತೆರೆಯುವ ಮೊದಲೇ ಅತ್ತೆ, “ಅದೇ ಜೇಡ, ಬೀಗರೇ” ಎಂದಳು.

ಸುಣ್ಣದವನು ಕತ್ತೆತ್ತಿ ಗೋಡೆ ನೋಡಿದ. ಮೂಲೆ ನೋಡಿದ, ತೊಲೆಯ ಸಂದು ನೋಡಿದ. ಒಂದೇ ಒಂದು ಎಳೆ ಬಲೆ ಇರಲಿಲ್ಲ. ಇರುವುದಕ್ಕೆ ಸಾಧ್ಯವಿರಲಿಲ್ಲ, ಅವನ ಕೈಯ ಸುಣ್ಣ ಅದು. ಆ ಮನೆಯಲ್ಲಿ ಜೇಡ ಇಲ್ಲ ಎಂದು ಭೂಮಿಯ ಮೇಲೆ ಯಾರಾದರೂ ಆಣೆ ಮಾಡಿ ಹೇಳಬಹುದಾಗಿದ್ದರೆ ಅದು ಅವನೊಬ್ಬನೇ.

ಗೊತ್ತಾಯಿತು ಅವನಿಗೆ. ಗೊತ್ತಾಗಲಿಲ್ಲ ಎಂದು ಯಾರೂ ಅವನ ಪರವಾಗಿ ಹೇಳುವುದು ಬೇಡ. ಕಿವಿ ಬಿಸಿಯಾಯಿತು, ಅಳಿಯನ ಕೊರಳು ಅವನ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. ಅಷ್ಟರಲ್ಲಿ ಅವನು ಅಭ್ಯಾಸದಂತೆ ಸುತ್ತ ನೋಡಿದ. ಮಾತು ಕೇಳಿ ನೆರೆಯವರು ನಾಲ್ಕು ಜನ ಬೇಲಿಯ ಹತ್ತಿರ ಬಂದು ನಿಂತಿದ್ದರು. ತಾಳ್ಮೆಯ ಮನುಷ್ಯ ಏನು ಮಾಡುತ್ತಾನೋ ಎಂದು ನೋಡುತ್ತಿದ್ದರು.

ಸುಣ್ಣದವನು ನಕ್ಕ. “ಪೊರಕೆ ಕೊಡಿ” ಎಂದ.

ಬೆಳ್ಳಗಿದ್ದ ಗೋಡೆಯನ್ನು ಗುಡಿಸಿದ. ಏನೂ ಇಲ್ಲದ ಮೂಲೆಗಳಿಗೆ ಪೊರಕೆ ಆಡಿಸಿದ. ಒಳಗೆ ಏನೂ ಸಿಗದೆ ಹಿತ್ತಲಿಗೆ ಹೋದ. ಅಲ್ಲಿ ದಾಸವಾಳದ ಗಿಡದಲ್ಲಿ ಒಂದು ಜೇಡ ತನ್ನ ಪಾಡಿಗೆ ಬಲೆ ನೇಯುತ್ತಿತ್ತು. ಅವನು ಅದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೆಡವಿ ಕಾಲಿನ ಮೆಟ್ಟಿನಿಂದ ಹೊಡೆದ. ಒಂದೇ ಏಟಿಗೆ ಅದು ಸತ್ತಿತು. ಅವನು ನಿಲ್ಲಿಸಲಿಲ್ಲ. ಕಲ್ಲಿನ ಮೇಲೆ ಹೊಡೆಯುವುದಕ್ಕೆ ಏನೂ ಉಳಿಯದ ಮೇಲೂ ಹೊಡೆದ. ಮೆಟ್ಟಿನ ಪಟ್ಟಿ ಕಿತ್ತು ಬಂತು.

ಮಗಳು ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹತ್ತಿರ ಬಂದಳು. ಈ ಸಲ ನೆಲ ನೋಡಲಿಲ್ಲ.

“ಅಪ್ಪ, ಆ ಹುಳ ನಂಗೇನೂ ಮಾಡಿಲ್ಲ. ನಿಂಗೂ ಗೊತ್ತು. ಹೋದ ಸಲ ನೀನು ತಂದ ಅಣಬೇಲಿ ನಾಲ್ಕು ನಂಗೆ ಅಂತ ಒಣಗಿಸಿ ಎತ್ತಿಟ್ಟುಕೊಂಡಿದ್ದೆ. ನಿನ್ನೆ ಅದು ನಿನ್ನ ಅಳಿಯನ ಕಣ್ಣಿಗೆ ಬಿತ್ತು, ಅದಕ್ಕೆ ಹೊಡೆದ. ಇವತ್ತು ನನ್ನ ಕರಕೊಂಡು ಹೋಗು. ಇಲ್ಲಿ ಬಿಟ್ಟು ಹೋದರೆ ನಾನು ಉಳಿಯೋದಿಲ್ಲ.”

ಸುಣ್ಣದವನ ಉಸಿರು ಇನ್ನೂ ಮೇಲೆ ಕೆಳಗೆ ಆಗುತ್ತಿತ್ತು. ಅವನು ಬೇಲಿಯ ಕಡೆ ನೋಡಿದ, ಮಗಳ ಕಡೆ ನೋಡಿದ. ದನಿ ತಗ್ಗಿಸಿ, “ಕೋಪದಲ್ಲಿ ಯಾವ ತೀರ್ಮಾನಾನೂ ಮಾಡಬಾರದು ಮಗಳೇ. ನೀನೂ ತಾಳ್ಮೆ ಕಲಿ. ಎಲ್ಲ ಸರಿಹೋಗುತ್ತೆ” ಎಂದ.

ಮಗಳು ಮತ್ತೆ ಕೇಳಲಿಲ್ಲ. ಅವನು ಕೈ ತೊಳೆದುಕೊಂಡ. ಅಳಿಯ ಕೊಟ್ಟ ಮಜ್ಜಿಗೆ ಕುಡಿದ. ಅಣಬೆಯ ಪೊಟ್ಟಣವನ್ನು ಬೀಗಿತ್ತಿಯ ಕೈಗೇ ಕೊಟ್ಟು, ಕಿತ್ತ ಮೆಟ್ಟನ್ನು ಕೈಯಲ್ಲಿ ಹಿಡಿದು ಹೊರಟ. ಬೇಲಿಯ ಬಳಿ ನಿಂತಿದ್ದವರಲ್ಲಿ ಒಬ್ಬ ಹಿರಿಯ ಅವನಿಗೆ ಕೈಮುಗಿದು, “ನಿಮ್ಮ ಜಾಗದಲ್ಲಿ ಬೇರೆ ಯಾರೇ ಇದ್ದರೂ ಇವತ್ತು ಇಲ್ಲಿ ರಕ್ತ ಬೀಳುತ್ತಿತ್ತು” ಎಂದ. ರಕ್ತ ಆಗಲೇ ಬಿದ್ದಿತ್ತು, ಅವಳ ತುಟಿಯಿಂದ. ಅದನ್ನು ರಕ್ತ ಎಂದು ಅಲ್ಲಿ ಯಾರೂ ಎಣಿಸಲಿಲ್ಲ. ಸುಣ್ಣದವನು ತಲೆ ಬಾಗಿಸಿ ಆ ಹೊಗಳಿಕೆ ತೆಗೆದುಕೊಂಡ, ಬರಿಗಾಲಲ್ಲಿ ಊರಿಗೆ ನಡೆದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಅವರ ಮುಖ ಕೆಂಪಾಗಿತ್ತು. ಅವರಿಗೆ ಸಿಟ್ಟು ಬಂದುದನ್ನು ಶಿಷ್ಯ ಅದುವರೆಗೆ ಕಂಡಿರಲಿಲ್ಲ. ಅವನು ಕತೆಯನ್ನು ಮನಸ್ಸಿನಲ್ಲೇ ತಿರುಗಿಸಿ ಮುರುಗಿಸಿ ನೋಡಿದ. ಅದರ ಸಾರ ತನ್ನ ಕೈಗೆ ಸಿಕ್ಕಿತೆಂದು ಅವನಿಗೆ ಅನ್ನಿಸಿತು.

“ಅರ್ಥವಾಯಿತು ಗುರುಗಳೇ” ಎಂದ. “ಕೋಪ ಅವನೊಳಗೇ ಇತ್ತು, ಅದನ್ನು ಬಾಯಿಲ್ಲದ ಹುಳದ ಮೇಲೆ ತೀರಿಸಿಕೊಂಡ. ಒಂದು ಮಾತ್ರ ತಿಳಿಯಲಿಲ್ಲ. ಅವನು ಆಮೇಲಾದರೂ ತನ್ನ ಕೋಪವನ್ನು ಗೆದ್ದನೇ?”

ಗುರುಗಳು ಎದ್ದು ನಿಂತರು.

“ಇಷ್ಟೆಲ್ಲ ಕೇಳಿದ ಮೇಲೂ ಅವನು ಏನಾದ ಎಂದು ಕೇಳುತ್ತೀಯೇ ಹೊರತು, ಆ ಹುಡುಗಿ ಏನಾದಳು ಎಂದು ನೀನೂ ಕೇಳಲಿಲ್ಲ.”