ಕೂಸಿನ ಗಂಟೆಯ ಗುಡ್ಡ

ಮಲಪ್ರಭೆಯ ದಂಡೆಯಲ್ಲಿರುವ ಹೊಳೆಮುದ್ದಾಪುರಕ್ಕೆ ಬಂದವರು ಊರ ಹಿಂದಿನ ಗುಡ್ಡವನ್ನು ಹತ್ತದೆ ಹೋಗುವುದಿಲ್ಲ. ಎಂಬತ್ತೆಂಟು ಮೆಟ್ಟಿಲು, ಮೇಲೆ ಕೆಂಪು ಕಲ್ಲಿನ ಪುಟ್ಟ ವಿಠ್ಠಲನ ಗುಡಿ, ಮುಂದೆ ನಾಲ್ಕು ಕಂಬದ ಮಂಟಪ. ಮಂಟಪದ ತೊಲೆಯಲ್ಲಿ ದಪ್ಪ ಕಬ್ಬಿಣದ ಕೊಂಡಿಯೊಂದಿದೆ, ಅದಕ್ಕೆ ಗಂಟೆ ಇಲ್ಲ. ಬಂದವರು ಅಭ್ಯಾಸಬಲದಿಂದ ಕೈ ಮೇಲೆತ್ತಿ ಗಾಳಿಯಲ್ಲಿ ತಡಕಾಡಿ, ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ನೋಡುತ್ತಾರೆ. ಆಮೇಲೆ ನನ್ನ ಬಳಿ ಬಂದು, 'ಮಾಸ್ತರರೇ, ಗಂಟೆ ಕಳವಾಗಿದೆಯೇ?' ಎಂದು ಕೇಳುತ್ತಾರೆ. ಈ ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ್ದಕ್ಕಿಂತ ಹೆಚ್ಚು ಬಾರಿ ಈ ಪ್ರಶ್ನೆಗೆ ಉತ್ತರ ಹೇಳಿದ್ದೇನೆ. ಕಳವಾಗಿಲ್ಲ, ಕೆಳಗಿಳಿಸಿದ್ದಾರೆ. ಇಳಿಸಿದವರು ಪೂಜಾರಿಗಳೇ. ಗುಡ್ಡಕ್ಕೆ ಕೂಸಿನ ಗಂಟೆಯ ಗುಡ್ಡ ಎಂಬ ಹೆಸರು ಬಂದದ್ದೂ ಆ ದಿನವೇ ಎನ್ನುತ್ತಾರೆ.

ಹಿಂದೆ ಒಮ್ಮೆ, ಗಡಿಯಾರವೆಂಬುದು ಈ ಸೀಮೆಗೆ ಕಾಲಿಡುವ ಮೊದಲು, ಊರಲ್ಲಿ ಇದ್ದವರು ಹೆಚ್ಚಾಗಿ ನೇಕಾರರು, ವಿಠ್ಠಲನ ಒಕ್ಕಲು. ಆಷಾಢ ಏಕಾದಶಿಯ ದಿನ ಮಗ್ಗ ನಿಲ್ಲುತ್ತಿತ್ತು, ಒಲೆ ಹೊತ್ತುತ್ತಿರಲಿಲ್ಲ. ಏಕಾದಶಿ ಮಾಡುವವರಿಗೆ ಗೊತ್ತಿರುವ ಮಾತು: ಉಪವಾಸ ಮಾಡುವುದು ಎಷ್ಟು ಮುಖ್ಯವೋ, ಮರುದಿನ ದ್ವಾದಶಿ ಮುಗಿಯುವುದರೊಳಗೆ ಉಪವಾಸ ಬಿಡುವುದೂ ಅಷ್ಟೇ ಮುಖ್ಯ. ಅದಕ್ಕೇ ಪಾರಣೆ ಎನ್ನುವುದು. ಬೇಗ ಉಂಡರೂ ತಪ್ಪು, ಹೊತ್ತು ಮೀರಿ ಉಂಡರೆ ಮಾಡಿದ ವ್ರತವೆಲ್ಲ ನೀರುಪಾಲು. ಆ ಹೊತ್ತನ್ನು ಹೇಳುವ ಹೊಣೆ ಗುಡಿಯ ಶ್ರೀಪಾದಾಚಾರ್ಯರದು. ಅವರ ಬಳಿ ತಳದಲ್ಲಿ ಸಣ್ಣ ತೂತಿನ ತಾಮ್ರದ ಗಳಿಗೆ ಬಟ್ಟಲಿತ್ತು. ಕೊಪ್ಪರಿಗೆಯ ನೀರಿನ ಮೇಲೆ ಬಿಟ್ಟರೆ ತೂತಿನಿಂದ ನೀರು ಏರಿ ಒಂದು ಗಳಿಗೆಗೆ, ಅಂದರೆ ಈಗಿನ ಇಪ್ಪತ್ತನಾಲ್ಕು ನಿಮಿಷಕ್ಕೆ, ಸರಿಯಾಗಿ ಅದು ಮುಳುಗುತ್ತಿತ್ತು. ಸೂರ್ಯೋದಯದಿಂದ ಇಷ್ಟು ಬಟ್ಟಲು ಎಂದು ಎಣಿಸಿ ಆಚಾರ್ಯರು ಗಂಟೆ ಬಾರಿಸಿದರೆ ಕೆಳಗೆ ಊರೆಲ್ಲ ಬಾಯಿಗೆ ನೀರು ಬಿಟ್ಟುಕೊಳ್ಳುವುದು ಪದ್ಧತಿ.

ಆ ಊರಿನಲ್ಲಿ ಲಚಮವ್ವ ಎಂಬ ಹೆಂಗಸು. ಆಚಾರದ ಮಾತು ಬಂದರೆ ಕಲ್ಲಿನಂಥವಳು. ಅವಳ ಸೊಸೆ ಯಮುನವ್ವನಿಗೆ ಮೂರು ಕೂಸು ಹುಟ್ಟಿ ಮೂರೂ ಉಳಿಯಲಿಲ್ಲ. ನಾಲ್ಕನೆಯದು ಹೊಟ್ಟೆಯಲ್ಲಿದ್ದಾಗ ಲಚಮವ್ವ ಗುಡ್ಡ ಹತ್ತಿ, 'ಇದೊಂದು ಉಳಿದರ ನನ್ನ ಸೊಸಿ ನಿನ್ನ ಏಕಾದಶಿ ಹನಿ ನೀರಿಲ್ಲದಂಗ ಮಾಡ್ತಾಳ' ಎಂದು ಹರಕೆ ಹೊತ್ತು ಬಂದಳು. ಹೊತ್ತವಳು ಒಬ್ಬಳು, ತೀರಿಸಬೇಕಾದವಳು ಇನ್ನೊಬ್ಬಳು; ಇಂಥ ಹರಕೆಗಳು ನಮ್ಮಲ್ಲಿ ಈಗಲೂ ಕಡಿಮೆಯೇನಿಲ್ಲ. ಹೆಣ್ಣು ಕೂಸು ಹುಟ್ಟಿತು, ಉಳಿಯಿತು. ಅದಕ್ಕೆ ಮೂರು ತಿಂಗಳಾಗುವಾಗ ಆಷಾಢ ಏಕಾದಶಿ ಬಂತು. ಬಾಣಂತಿಗೆ, ಹಾಲೂಡುವವಳಿಗೆ ಉಪವಾಸ ಬೇಡವೆಂದು ಆಚಾರ್ಯರೇ ಹೇಳಿ ಕಳಿಸಿದರು. ಲಚಮವ್ವ ಕೇಳಲಿಲ್ಲ. ಯಮುನವ್ವನೂ ಕೇಳಲಿಲ್ಲ. ವ್ರತ ತಪ್ಪಿದರೆ ದೇವರು ಕೂಸನ್ನು ವಾಪಸು ಕರೆದುಕೊಂಡುಬಿಟ್ಟರೆ ಎಂಬ ಹೆದರಿಕೆ ಅವಳಿಗೆ, ಪಾಪ.

ಏಕಾದಶಿ ಹೇಗೋ ಕಳೆಯಿತು. ದ್ವಾದಶಿಯ ಬೆಳಿಗ್ಗೆ ಮೋಡ ಎಷ್ಟು ದಟ್ಟವಾಗಿತ್ತೆಂದರೆ ಬೆಳಕಾದದ್ದು ಬಿಟ್ಟರೆ ಸೂರ್ಯ ಎಲ್ಲಿದ್ದಾನೆಂದು ಹೇಳುವಂತಿರಲಿಲ್ಲ. ಆರು ಗಳಿಗೆ ಕಳೆದ ಮೇಲೆ ಪಾರಣೆ ಎಂದಿತ್ತು ಪಂಚಾಂಗ. ಊರವರು ಸ್ನಾನ ಮಾಡಿ, ಎದುರಿಗೆ ಅವಲಕ್ಕಿ, ಬೆಲ್ಲ, ನೀರಿನ ತಂಬಿಗೆ ಇಟ್ಟುಕೊಂಡು ಕಿವಿಗೊಟ್ಟು ಕುಳಿತರು. ಗಂಟೆ ಕೇಳಲಿಲ್ಲ. ಬಹಳ ಹೊತ್ತಾಯಿತು ಅನ್ನಿಸಿತು ಎಲ್ಲರಿಗೂ. ಆದರೆ ಹಸಿದವರಿಗೆ ಹೊತ್ತು ಹೋಗುವುದೇ ಇಲ್ಲವಲ್ಲ, ಇದು ಹೊಟ್ಟೆಯ ಮಾತು, ಹೊಟ್ಟೆಯ ಮಾತು ನಂಬಿದರೆ ವ್ರತ ಏನು ಬಂತು ಎಂದು ತಮ್ಮನ್ನು ತಾವೇ ಗದರಿಸಿಕೊಂಡು ಕುಳಿತರು. ಅಷ್ಟು ಜನರಲ್ಲಿ ಒಬ್ಬನೂ ಬಟ್ಟಲನ್ನು ಅನುಮಾನಿಸಲಿಲ್ಲ. ಲಚಮವ್ವನ ಮನೆಯಿಂದ ಮಾತ್ರ ಕೂಸಿನ ಅಳು ಬೆಳಗಿನಿಂದ ಕೇಳುತ್ತಿತ್ತು. ಯಮುನವ್ವನ ಎದೆಯಲ್ಲಿ ಹಾಲು ಬತ್ತಿತ್ತು. ಅಳು ಬರಬರುತ್ತ ಸಣ್ಣದಾಯಿತು, ಬೆಕ್ಕಿನ ಮರಿಯ ಕೂಗಿನಷ್ಟಾಯಿತು, ಆಮೇಲೆ ನಿಂತೇಹೋಯಿತು. ಕೂಸಿನ ಅಳು ನಿಂತಿತಂತೆ ಎಂಬ ಮಾತು ಅಕ್ಕಪಕ್ಕದ ಮನೆಗಳಿಂದ ಊರಿಗೆಲ್ಲ ಹಬ್ಬಿತು.

ಅಳು ನಿಂತ ಮೇಲೆ ಲಚಮವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು, ಸೊಸೆಯ ರಟ್ಟೆ ಹಿಡಿದು, ಮೆಟ್ಟಿಲು ಹತ್ತಿಸಿಕೊಂಡು ಗುಡಿಗೆ ಹೋದಳು. ಆಚಾರ್ಯರು ಕೊಪ್ಪರಿಗೆಯ ಮುಂದೆ ಕಣ್ಣು ಕಿರಿದು ಮಾಡಿಕೊಂಡು ಕುಳಿತಿದ್ದರು. ಬಟ್ಟಲು ತೇಲುತ್ತಿತ್ತು. 'ನಾಕನೇದ್ದು ಇನ್ನೂ ಮುಳುಗವಲ್ದು ತಾಯಿ. ಹೊತ್ತು ನನ್ನ ಕೈಯಾಗ ಇಲ್ಲ' ಎಂದರು. ಲಚಮವ್ವ ಸೆರಗು ಸರಿಸಿ ಕೂಸಿನ ಮುಖ ತೋರಿಸಿದಳು. ತುಟಿ ಒಣಗಿತ್ತು, ಕಣ್ಣು ಅರೆ ಮುಚ್ಚಿತ್ತು. 'ನಿಮ್ಮ ಬಟ್ಟಲಾ ಮುಳುಗೂದರಾಗ ಇದು ಉಳಿಯಂಗಿಲ್ಲ ಆಚಾರ್ರ' ಎಂದು ದೇವರ ಮುಂದಿನ ತೀರ್ಥದ ತಂಬಿಗೆ ಎತ್ತಿ ತಾನು ಮೊದಲು ಒಂದು ಗುಟುಕು ಕುಡಿದಳು. 'ಹರಕಿ ಹೊತ್ತಾಕಿ ನಾನು, ಮುರಿದಾಕಿನೂ ನಾನು. ವಿಠ್ಠಲ ಕೇಳೂದಿದ್ದರ ನನ್ನ ಕೇಳಲಿ. ನೀ ಕುಡಿ ನನ್ನವ್ವಾ.' ಮದುವೆಯಾಗಿ ಏಳು ವರ್ಷದಲ್ಲಿ ಅತ್ತೆ ತನ್ನನ್ನು ನನ್ನವ್ವಾ ಎಂದದ್ದು ಅದೇ ಮೊದಲು ಎಂದು ಯಮುನವ್ವ ಮುಪ್ಪಿನವರೆಗೂ ಹೇಳುತ್ತಿದ್ದಳಂತೆ. ಅವಳು ಅಳುತ್ತಲೇ ತಂಬಿಗೆ ಬರಿದು ಮಾಡಿದಳು, ನೈವೇದ್ಯದ ಅವಲಕ್ಕಿ ತಿಂದಳು. ಆಚಾರ್ಯರು ತಡೆಯಲಿಲ್ಲ, ತಾವೇ ಹೋಗಿ ಇನ್ನೊಂದು ತಂಬಿಗೆ ತಂದುಕೊಟ್ಟರು. ಲಚಮವ್ವ ಬೆರಳದ್ದಿ ಕೂಸಿನ ತುಟಿಗೆ ಹನಿ ಹನಿಯಾಗಿ ತೀರ್ಥ ಬಿಟ್ಟಳು. ಸ್ವಲ್ಪ ಹೊತ್ತಿಗೆ ಎದೆಗೆ ಹಾಲಿಳಿಯಿತು. ಕೂಸು ಕಣ್ಣು ತೆರೆದು ಚೀಪತೊಡಗಿತು. ಒಂದು ಕಡೆ ಕುಡಿದು ಮುಗಿಸಿ, ಇನ್ನೊಂದು ಕಡೆಗೆ ತಿರುಗಿಸುವಷ್ಟರಲ್ಲಿ ತಡವಾಯಿತೆಂದು ಸಿಟ್ಟಿನಿಂದ ಕಿರುಚಿತು ನೋಡಿ, ಗುಡ್ಡದ ಬಂಡೆಗಳಿಗೆ ಬಡಿದು ಆ ಕೂಗು ಊರಿನ ಮನೆಮನೆಗೂ ಕೇಳಿತು.

ಕೆಳಗಿದ್ದವರು ಅದನ್ನು ಕೇಳಿ ಹೋದ ಜೀವ ಬಂದಂತಾಗಿ, ಗಂಟೆಯ ಮಾತನ್ನೇ ಮರೆತು ತಂಬಿಗೆ ಎತ್ತಿದರು. ಮೇಲೆ ಆಚಾರ್ಯರು, ಕೂಸು ಹಾಲು ಕುಡಿಯುವಷ್ಟು ಹೊತ್ತಾದರೂ ಬಟ್ಟಲು ಹಾಗೇ ತೇಲುತ್ತಿರುವುದು ಕಂಡು, ಅದನ್ನು ತಲೆಕೆಳಗು ಮಾಡಿ ನೋಡಿದರು. ಬೆಳಗಿನ ಅರ್ಚನೆಯ ತುಳಸಿಯ ಬೀಜವೊಂದು ನೀರು ಕುಡಿದು ಉಬ್ಬಿ ತೂತಿನಲ್ಲಿ ಕೂತಿತ್ತು. ಊರಿಗೆ ಊರೇ ಹನಿ ನೀರಿಲ್ಲದೆ ಕುಳಿತಿರುವಾಗ ಹೊಟ್ಟೆ ತುಂಬ ಕುಡಿದದ್ದು ಅದೊಂದೇ. ಅಷ್ಟರಲ್ಲಿ ಮೋಡ ಹರಿದು ಬಿಸಿಲು ಬಿತ್ತು. ಆಚಾರ್ಯರು ಕಂಬದ ನೆರಳು ಅಳೆದು ಲೆಕ್ಕ ಹಾಕಿದರೆ ದ್ವಾದಶಿ ಮುಗಿಯಲು ಉಳಿದದ್ದು ಅರೆ ಗಳಿಗೆ. ಕೂಸು ಕೂಗದಿದ್ದರೆ ಇಡೀ ಊರಿನ ವ್ರತ ಕೆಡುತ್ತಿತ್ತು. ಅವರು ಲಚಮವ್ವನ ಕೈಯಿಂದಲೇ ನೀರು ಈಸಿಕೊಂಡು ಕುಡಿದು, 'ವ್ರತ ಮುರೀಲಿಲ್ಲ ತಾಯಿ, ನೀವೇ ಉಳಿಸಿದಿರಿ' ಎಂದರು. ಅವಳು ಕಂಬಕ್ಕೊರಗಿ ಕೂತು ಮನಸಾರೆ ಅತ್ತಳು. ಇನ್ನು ಮೇಲೆ ಪಾರಣೆಗೆ ಕೂಸಿನ ಕೂಗೇ ಗಂಟೆ ಎಂದು ಆಚಾರ್ಯರು ಅದೇ ಸಂಜೆ ಗಂಟೆ ಕೆಳಗಿಳಿಸಿದರು.

ಇಂದಿಗೂ ಆಷಾಢ ದ್ವಾದಶಿಯ ಬೆಳಿಗ್ಗೆ ಆ ಖಾಲಿ ಕೊಂಡಿಗೆ ತೊಟ್ಟಿಲು ಕಟ್ಟುತ್ತಾರೆ. ಆ ವರ್ಷ ಊರಲ್ಲಿ ಹುಟ್ಟಿದ ಕೂಸೊಂದನ್ನು ಅದರಲ್ಲಿ ಮಲಗಿಸುತ್ತಾರೆ. ಅದರ ತಾಯಿಗೆ ಉಪವಾಸವಿಲ್ಲ. ಹಿಂದಿನ ದಿನವೆಲ್ಲ ಓಣಿಯವರೇ ಸರದಿಯಂತೆ ಅವಳಿಗೆ ಉಣ್ಣಿಸುತ್ತಾರೆ. ಪಂಚಾಂಗದ ಹೊತ್ತು ಬಂದ ಮೇಲೂ ಕೂಸು ಅಳುವತನಕ ಯಾರೂ ನೀರು ಮುಟ್ಟುವುದಿಲ್ಲ, ಅದನ್ನು ಅಳಿಸುವಂತೆಯೂ ಇಲ್ಲ. ಹೋದ ವರ್ಷ ತೊಟ್ಟಿಲಲ್ಲಿದ್ದದ್ದು ಗುಂಡು ಗುಂಡಗಿನ ಒಂದು ಹುಡುಗಿ. ಎಲ್ಲರ ಕಣ್ಣೂ ತೊಟ್ಟಿಲ ಮೇಲೆ, ಆಕೆಗೆ ಗಡದ್ದು ನಿದ್ದೆ. ತಾಯಿ ಪಕ್ಕದಲ್ಲಿ ಕೂತು ನಗುತ್ತಿದ್ದಳು. ನನ್ನಂಥ ಮುದುಕನಿಗೂ ಹಸಿವಿನಿಂದ ಸಂಕಟವೇ ಆಯಿತೆನ್ನಿ. ಆದರೆ ಹೊಟ್ಟೆ ತುಂಬಿದ ಕೂಸು ಅಷ್ಟು ಬೇಗ ಅಳುವುದಿಲ್ಲ. ಅದು ಗೊತ್ತಿದ್ದೇ ನಾವು ಕಾಯುತ್ತೇವೆ.