ಚಿಕ್ಕೀರನ ಸ್ಕ್ರೂ ಜೋಪಾನ

ಹೊಂಬಾಳಮ್ಮನಿಗೆ ಒಬ್ಬನೇ ಮಗ, ಚಿಕ್ಕೀರ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಬೆಳಿಗ್ಗೆ ಕೆಲಸಕ್ಕೆ ಸೇರಿಸಿದರೆ ಮಧ್ಯಾಹ್ನದ ಊಟಕ್ಕೆ ಮನೆಗೇ ವಾಪಸ್! ಅತ್ತು ಕರೆದು ಅವನನ್ನು ಜಬ್ಬಾರ್ ಸಾಬರ ಹತ್ತಿರ ಸೇರಿಸಿದಳು. ಸಾಬರು ರಿಮೋಟಿನಲ್ಲಿ ಹಾರಿಸುವ ಪುಟಾಣಿ ವಿಮಾನ ಕಟ್ಟುವವರು.

"ಇದೊಂದು ಕೆಲಸ ಉಳಿಸ್ಕೊಳಪ್ಪ. ಸಾಬ್ರು ಹೇಳಿದಷ್ಟೇ ಮಾಡು, ತಲೆ ಓಡಿಸಬೇಡ!"

"ಓಡಿಸಲ್ಲ ಕಣವ್ವ!"

ಮೊದಲ ದಿನವೇ ಚಿಕ್ಕೀರ ಬಿಗಿಮಾಡಿದ ಸ್ಕ್ರೂ ಆಕಾಶದಲ್ಲಿ ಕಳಚಿತು. ವಿಮಾನದ ಮೂತಿಯ ಫ್ಯಾನು ಪಕ್ಕದ ಹೋಟೆಲಿನ ಸಾಂಬಾರಿಗೆ ಬಿತ್ತು.

"ಅದುರಿ ಅದುರಿ ಸಡಿಲ ಆಗ್ತದೆ ಕಣೋ! ಸ್ಕ್ರೂ ಹಾಕೋ ಮುಂಚೆ ಒಂದು ಹನಿ ಅಂಟು ಬಿಡು!"

"ಆಗಲಿ ಸಾಬ್ರೇ!"

ಮಾರನೆಯ ದಿನ ಬ್ಯಾಟರಿಯ ಮುಚ್ಚಳ ಹಾಕು ಅಂದರು. ಹನಿ ಹನಿ ಅಂಟು ಬಿಟ್ಟು ಹಾಕಿದ. ಬ್ಯಾಟರಿ ಮುಗಿಯಿತು, ಮುಚ್ಚಳ ಬರಲೊಲ್ಲದು! ಸಾಬರು ಎಳೆದರು, ಜಗ್ಗಿದರು, ಉಗುರು ಮುರಿದುಕೊಂಡರು.

"ದಿನಾ ಬಿಚ್ಚೋದಕ್ಕೆ ಯಾರಾದ್ರೂ ಅಂಟು ಹಾಕ್ತಾರೇನೋ? ಅಲ್ಲಾಡಿಸಿ ನೋಡು. ಅಲ್ಲಾಡಿದ್ರೆ ಮಾತ್ರ ಅಂಟು ಹಾಕಿ ಬಿಗಿ ಮಾಡು!"

"ಆಗಲಿ ಸಾಬ್ರೇ!"

ಅಲ್ಲಾಡಿಸಿ ನೋಡಿದ. ಬಾಲದ ಪಟ್ಟಿ ಅಲ್ಲಾಡಿತು. ವಿಮಾನ ತಿರುಗುವುದೇ ಆ ಪಟ್ಟಿ ಅಲ್ಲಾಡಿದರೆ, ಪಾಪ, ಅವನಿಗೇನು ಗೊತ್ತು! ಅಂಟು ಹಾಕಿ ಬಿಗಿ ಮಾಡಿದ. ವಿಮಾನ ಎಡಕ್ಕೂ ಹೊರಳದೆ, ಬಲಕ್ಕೂ ಹೊರಳದೆ, ನೆಟ್ಟಗೆ ಹೋಗಿ ಹುಣಸೆಮರಕ್ಕೆ ಗುದ್ದಿತು. ಸಾಬರು ಹುಲ್ಲಿನಲ್ಲಿ ಮಂಡಿಯೂರಿ, ಸಿಡಿದುಬಿದ್ದ ಸಾಸಿವೆಯಷ್ಟು ಸಣ್ಣ ಸ್ಕ್ರೂ ಹುಡುಕಿದರು.

"ಅಯ್ಯೋ ಪೆದ್ದೇ! ಈ ಸ್ಕ್ರೂ ಊರಲ್ಲಿ ಸಿಗಲ್ಲ ಕಣೋ! ಇನ್ಮೇಲೆ ಆಯಸ್ಕಾಂತದ ತಟ್ಟೇಲಿ ಜೋಪಾನವಾಗಿಡು. ಒಂದೇ ಒಂದು ಕಳೆದರೂ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ!"

"ಒಂದೂ ಕಳೆಯಲ್ಲ ಸಾಬ್ರೇ!"

ಭಾನುವಾರ ಮೈದಾನದ ತುಂಬ ಜನ. ಹೊಸ ವಿಮಾನ ಸರಿಯಾಗಿ ಹಾರಿದರೆ ಚಿಕ್ಕೀರನ ಕೆಲಸ ಖಾಯಂ ಅಂದಿದ್ದರು ಸಾಬರು. ಹೊಂಬಾಳಮ್ಮನೂ ಬಂದು ಕೈಮುಗಿದು ನಿಂತಳು.

ಸಾಬರು ಫ್ಯಾನು ತಿರುಗಿಸಿದರು, ಓಡಿದರು, ಎತ್ತಿ ಎಸೆದರು. ರೆಕ್ಕೆ ಅತ್ತ! ಬಾಲ ಇತ್ತ! ಹೊಟ್ಟೆ ಸಾಬರ ಕಾಲಮೇಲೆ! ಫ್ಯಾನು ಮಾತ್ರ ಗಿರ್ರನೆ ಮೇಲೆ ಹೋಯಿತು.

"ಚಿಕ್ಕೀರಾ! ಸ್ಕ್ರೂ ಎಲ್ಲೋ?"

ಚಿಕ್ಕೀರ ತಟ್ಟೆ ಎತ್ತಿಕೊಂಡು ಓಡಿಬಂದ.

"ಇಲ್ಲಿವೆ ಸಾಬ್ರೇ! ಹಾರುವಾಗ ಬಿದ್ದು ಕಳೆದುಹೋದಾವು ಅಂತ ಮೊದಲೇ ಎಲ್ಲಾ ಬಿಚ್ಚಿಟ್ಟೆ. ನೋಡಿ, ಒಂದೂ ಕಳೆದಿಲ್ಲ!"

ಆಮೇಲೆ ಜನರ ನಡುವೆ ಅವ್ವನನ್ನು ಹುಡುಕಿ, ತಟ್ಟೆ ಎತ್ತಿ ತೋರಿಸಿ ಕೂಗಿದ:

"ಅವ್ವಾ! ಕೆಲಸ ಉಳೀತು!"