ತಾಳಯಂತ್ರದ ಗುಮಾನಿ

ಜರ್ಮನಿಯ ಊರೊಂದರಲ್ಲಿ ಓಟೀಲಿಯಾ ಎಂಬ ಪಿಯಾನೊ ವಾದಕಿ ಇದ್ದಳು. ಅವಳ ಪಿಯಾನೊದ ಮೇಲೆ ಟಿಕ್ ಟಿಕ್ ಎಂದು ತಾಳ ಹಾಕುತ್ತಿದ್ದ ತಾಳಯಂತ್ರಕ್ಕೆ ಎಲ್ಲರ ಮೇಲೂ ಗುಮಾನಿ. ಒಂದು ದಿನ ಅವಳು ಹೊಸ ಕೃತಿಯೊಂದನ್ನು ನುಡಿಸುತ್ತ ನಡುವೆಯೇ ನಿಲ್ಲಿಸಿ ಎದ್ದುಹೋದಳು.

“ಇದು ಯಾರದು?” ಎಂದು ತಾಳಯಂತ್ರ ಪಿಯಾನೊವನ್ನು ಕೇಳಿತು.

“ಅವಳೇ ಕಟ್ಟುತ್ತಿರುವುದು,” ಎಂದಿತು ಪಿಯಾನೊ.

“ಹೆಂಗಸು ಕೃತಿ ರಚಿಸುವುದುಂಟೇ? ಗಂಡನದನ್ನು ಕದ್ದಿದ್ದಾಳೆ. ಕದ್ದದ್ದು ಅಷ್ಟೇ ಇತ್ತು, ನಿಲ್ಲಿಸಿದಳು. ಅವನು ಬರಲಿ, ಗುಟ್ಟು ರಟ್ಟಾಗುತ್ತದೆ.”

ಸಂಜೆ ಗಂಡ ಅತಿಥಿಗಳನ್ನು ಕರೆತಂದು, “ಇದು ನನ್ನ ಹೊಸ ಕೃತಿ,” ಎಂದು ಅದನ್ನೇ ನುಡಿಸತೊಡಗಿದ.

“ನೋಡಿದೆಯಾ?” ಎಂದು ತಾಳಯಂತ್ರ ಪಿಯಾನೊಗೆ ಪಿಸುಗುಟ್ಟಿತು.

ಅಷ್ಟರಲ್ಲಿ, ಓಟೀಲಿಯಾ ನಿಲ್ಲಿಸಿದ್ದ ಕಡೆಯೇ ಅವನ ಬೆರಳುಗಳೂ ನಿಂತವು. ಅವನು ತಡವರಿಸಿ, “ಓಟೀಲಿಯಾ, ಮುಂದೆ ಹೇಗಿತ್ತು?” ಎಂದು ಕೇಳಿದ.

“ಮುಂದಿನದನ್ನು ನಾನಿನ್ನೂ ರಚಿಸಿಲ್ಲ,” ಎಂದಳು ಅವಳು.

ತಾಳಯಂತ್ರಕ್ಕೆ ತಾಳ ತಪ್ಪಿತು.